ಐಮ್ಯಾಕ್ಸ್‌ನಲ್ಲಿ ನೋಡಿದ್ರಾ?

‘ಡಂಕರ್ಕ್’ ಸಿನಿಮಾ ನನಗೆ ಅಷ್ಟೇನೂ ಹಿಡಿಸಲಿಲ್ಲ ಎಂದು ಆಫೀಸಿನ ಕ್ಯಾಂಟೀನಿನಲ್ಲಿ ಬಾಯಿ ತಪ್ಪಿ ಅಂದುಬಿಟ್ಟೆ. ಎದುರಿಗಿದ್ದವರ ಕೈಯಲ್ಲಿದ್ದ ಇಡ್ಲಿ ಅರ್ಧ ದಾರಿಯಲ್ಲೇ ನಿಂತಿತು. ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಒಬ್ಬರು ಕೇಳಿದರು: “ಐಮ್ಯಾಕ್ಸ್‌ನಲ್ಲಿ ನೋಡಿದ್ರಾ?”

ಇಲ್ಲ ಸ್ವಾಮಿ, ಮನೆ ಹತ್ತಿರದ ಮಾಮೂಲಿ ಪರದೆಯಲ್ಲಿ ಎಂದೆ. “ಮತ್ತೆ!” ಎಂದರು. ಅಲ್ಲಿಗೆ ಕೇಸು ವಜಾ.

ಮುಂದಿನ ವಾರ ದುಡ್ಡು ತೆತ್ತು ಐಮ್ಯಾಕ್ಸ್‌ನ ದೈತ್ಯ ಪರದೆಯಲ್ಲೂ ನೋಡಿದೆ. ಬೇಜಾರೂ ದೊಡ್ಡ ಸೈಜಿನಲ್ಲೇ ಬಂತು.

2017ರಲ್ಲಿ ಕ್ರಿಸ್ಟೋಫರ್ ನೋಲನ್ ಮಾಡಿದ ಚಿತ್ರ. ಎರಡನೇ ಮಹಾಯುದ್ಧದಲ್ಲಿ, 1940ರ ಬೇಸಿಗೆಯಲ್ಲಿ, ಜರ್ಮನ್ನರು ಸುತ್ತುವರಿದಾಗ ಫ್ರಾನ್ಸಿನ ಡಂಕರ್ಕ್ ಎಂಬ ಊರಿನ ಕಡಲ ದಂಡೆಯಲ್ಲಿ ಸಿಕ್ಕಿಬಿದ್ದ ಸೈನಿಕರ ಕಥೆ. ದಂಡೆಯಲ್ಲಿ ಒಂದು ವಾರ, ಕಡಲಲ್ಲಿ ಒಂದು ದಿನ, ಆಕಾಶದಲ್ಲಿ ಒಂದು ಗಂಟೆ. ಮೂರನ್ನೂ ಬಿಸಿಬೇಳೆಬಾತಿನ ಹಾಗೆ ಕಲಸಿದ್ದಾರೆ. ಒಬ್ಬ ಸೈನಿಕ ಮೊದಲು ಗಡಗಡ ನಡುಗುತ್ತಾನೆ. ಆಮೇಲೆ ನೋಡಿದರೆ ಗಟ್ಟಿಯಾಗಿ ಕೂತು ಬೇರೆಯವರಿಗೆ ಬುದ್ಧಿ ಹೇಳುತ್ತಿರುತ್ತಾನೆ. ಪಾಪ, ಗುಣವಾಯಿತು ಅಂದುಕೊಂಡೆ. ಅಲ್ಲವಂತೆ, ಅದು ಹಿಂದೆ ನಡೆದದ್ದಂತೆ.

ಹೀರೋನನ್ನು ಯಾರಾದರೂ ಹೆಸರು ಹಿಡಿದು ಕರೆದದ್ದು ನನಗಂತೂ ಕೇಳಿಸಲಿಲ್ಲ. ಅವನು ಟಾಮಿ ಅಂತ ಗೊತ್ತಾಗಿದ್ದು ಕೊನೆಯ ಪಟ್ಟಿಯಲ್ಲಿ. ನಮ್ಮ ಬೀದಿಯಲ್ಲೂ ಒಬ್ಬ ಟಾಮಿ ಇದ್ದಾನೆ. ಅವನ ಡೈಲಾಗು ಇದಕ್ಕಿಂತ ಜಾಸ್ತಿ, ಅದೂ ರಾತ್ರಿ ಹೊತ್ತು. ಟಾಮ್ ಹಾರ್ಡಿಯಂಥ ನಟನನ್ನು ಕರೆದು ತಂದು ಹೆಚ್ಚುಕಮ್ಮಿ ಇಡೀ ಸಿನಿಮಾ ಮುಖ ಮುಚ್ಚಿ ಕೂರಿಸಿದ್ದಾರೆ. ಹಿನ್ನೆಲೆಯ ಟಿಕ್ ಟಿಕ್ ನೋಲನ್ನರ ಸ್ವಂತ ವಾಚಿನದಂತೆ. ನಾನೂ ವಾಚನ್ನೇ ನೋಡುತ್ತಿದ್ದೆ.

ಕೊನೆಗೆ ಪೆಟ್ರೋಲು ಖಾಲಿಯಾದ ಸ್ಪಿಟ್‌ಫೈರ್ ಯುದ್ಧವಿಮಾನ ತೇಲುತ್ತದೆ, ತೇಲುತ್ತಲೇ ಇರುತ್ತದೆ, ತೇಲುತ್ತಲೇ ಶತ್ರು ವಿಮಾನವನ್ನೂ ಹೊಡೆದು ಬೀಳಿಸುತ್ತದೆ. ಇದನ್ನೇ ನಮ್ಮ ಹೀರೋ ಮಾಡಿದ್ದರೆ ಇದೇ ಕ್ಯಾಂಟೀನು ಒಂದು ವಾರ ನಗುತ್ತಿತ್ತು. ನೋಲನ್ ಮಾಡಿದರೆ ಅದು ಕಾವ್ಯ.

ದಂಡೆಯಲ್ಲಿ ನಾಲ್ಕು ಲಕ್ಷ ಜನ ಅನ್ನುತ್ತಾರೆ, ನೋಡಿದರೆ ಸೋಮವಾರದ ಮಲ್ಪೆ ಬೀಚು. ಕಂಪ್ಯೂಟರ್ ಜಾಸ್ತಿ ಬಳಸಬಾರದು ಅಂತ ದೂರದಲ್ಲಿ ರಟ್ಟಿನ ಸೈನಿಕರನ್ನು ನಿಲ್ಲಿಸಿದ್ದರಂತೆ. ಇರಲಿ. ಆದರೆ ಅಲ್ಲಿ ನಿಜವಾಗಿ ನಿಂತಿದ್ದ ನಮ್ಮವರೂ ಇದ್ದರು. ಮೋಟಾರು ನಂಬಿ ಪ್ರಾಣಿಗಳನ್ನು ಕೈಬಿಟ್ಟಿದ್ದ ಬ್ರಿಟಿಷ್ ಸೈನ್ಯಕ್ಕೆ ಆ ಚಳಿಗಾಲದ ಕೆಸರಿನಲ್ಲಿ ಹೇಸರಗತ್ತೆಗಳು ಬೇಕಾದವು. 1939ರ ಡಿಸೆಂಬರಿನಲ್ಲಿ ಬೊಂಬಾಯಿಂದ ಹೊರಟ ಭಾರತೀಯ ಪಡೆ, ಜಾಸ್ತಿ ಪಂಜಾಬಿನ ಮುಸ್ಲಿಮರು, ಕತ್ತೆಗಳ ಸಮೇತ ಮಾರ್ಸೇಲ್ಸ್‌ನಲ್ಲಿ ಇಳಿಯಿತು. ಅದರ ಕೆಲವು ತುಕಡಿಗಳು ಡಂಕರ್ಕ್‌ನಿಂದಲೇ ಹಡಗು ಹತ್ತಿದವು, ಕತ್ತೆಗಳನ್ನು ಅಲ್ಲೇ ಬಿಟ್ಟು. ಸಿನಿಮಾದಲ್ಲಿ ಅವರಲ್ಲಿ ಒಬ್ಬನೂ ಇಲ್ಲ. ರಟ್ಟಿಗೆ ಸಿಕ್ಕ ಚಾನ್ಸು ಅವರಿಗೆ ಸಿಗಲಿಲ್ಲ.

ಇದನ್ನೂ ಕ್ಯಾಂಟೀನಿನಲ್ಲಿ ಹೇಳಿದೆ. “ಮೂರು ಆಸ್ಕರ್ ಬಂದಿದೆ ಗೊತ್ತಾ?” ಎಂದರು. ಗೊತ್ತು, ಸಂಕಲನಕ್ಕೆ ಒಂದು, ಸದ್ದಿಗೆ ಎರಡು. ಕಥೆಗೆ ಎಷ್ಟು ಎಂದು ಕೇಳಲು ಧೈರ್ಯ ಬರಲಿಲ್ಲ.

“ಅದನ್ನೆಲ್ಲ ಸೂಕ್ಷ್ಮವಾಗಿ ತೋರಿಸಿದ್ದಾರೆ. ಎರಡನೇ ಸಲ ನೋಡಿದ್ರೆ ಗೊತ್ತಾಗುತ್ತೆ.”

“ಎರಡು ಸಲ ನೋಡಿದೆ.”

ಅವರು ಇಡ್ಲಿಯನ್ನು ಚಟ್ನಿಗೆ ಅದ್ದಿ, ಒಂದು ಕ್ಷಣ ಯೋಚಿಸಿದರು.

“ಯಾವ ಸಾಲಿನಲ್ಲಿ ಕೂತಿದ್ರಿ?”