ಪುಟ ಸಂಖ್ಯೆ ಹಾಕಿ, ದಯವಿಟ್ಟು

ಕನ್ನಡ ವಿಕಿಪೀಡಿಯದಲ್ಲಿ ಬರೆಯುವ ಗೆಳೆಯರಿಗೆ ಒಂದು ಮಾತು ಹೇಳಲೇಬೇಕು. ಕೆಲವು ವರ್ಷದ ಹಿಂದೆ ನಮ್ಮೂರಿನ ಪುಟಕ್ಕೆ ಒಂದು ಸಾಲು ಸೇರಿಸಿದ್ದೆ: ಊರ ದೇವಸ್ಥಾನ ಹೊಯ್ಸಳರ ಕಾಲದ್ದು. ಅಜ್ಜ ಹಾಗೇ ಹೇಳುತ್ತಿದ್ದರು, ಅರ್ಚಕರೂ ಹಾಗೇ ಹೇಳುತ್ತಿದ್ದರು, ಆಧಾರ ಅಷ್ಟೇ. ಆಮೇಲೆ ಒಂದು ಪತ್ರಿಕೆಯ ಪುರವಣಿಯಲ್ಲಿ ನಮ್ಮ ಗುಡಿಯ ಬಗ್ಗೆ ಲೇಖನ ಬಂತು. ಓದಿದರೆ ನನ್ನದೇ ಸಾಲು, ಒಂದು ಪದವೂ ಬದಲಾಗಿಲ್ಲ. ಸ್ವಲ್ಪ ದಿನಕ್ಕೆ ಯಾರೋ ಆ ಲೇಖನವನ್ನೇ ತಂದು ವಿಕಿಯಲ್ಲಿ ನನ್ನ ಸಾಲಿನ ಮುಂದೆ ಉಲ್ಲೇಖ ಅಂತ ಹಾಕಿದರು. ನನ್ನ ಮಾತಿಗೆ ನಾನೇ ಸಾಕ್ಷಿ. ಅವತ್ತು ನಿಜಕ್ಕೂ ಹೆದರಿಕೆ ಆಯಿತು.

ಗ್ರಂಥಾಲಯಕ್ಕೆ ಹೋಗಿ ಎಪಿಗ್ರಾಫಿಯಾ ಕರ್ನಾಟಿಕಾ ತೆಗೆಸಿದೆ. ಬಿ.ಎಲ್. ರೈಸ್ ಅವರು 1886ರಲ್ಲಿ ಶುರುಮಾಡಿದ ಶಾಸನ ಸಂಪುಟಗಳು ಅವು, ತಾಲ್ಲೂಕುವಾರು ಜೋಡಿಸಿ ಪ್ರತಿ ಶಾಸನಕ್ಕೂ ಒಂದು ಸಂಖ್ಯೆ ಕೊಟ್ಟಿದ್ದಾರೆ. ಬೆರಳಿಟ್ಟು ಹುಡುಕುತ್ತಾ ಹೋದರೆ ನಮ್ಮ ಗುಡಿ ಬಾಗಿಲ ಪಕ್ಕದ ಕಲ್ಲೇ ಸಿಕ್ಕಿತು, ಚಿಕ್ಕಂದಿನಲ್ಲಿ ನಾವು ಒರಗಿಕೊಂಡು ಪ್ರಸಾದ ತಿನ್ನುತ್ತಿದ್ದ ಕಲ್ಲು! ಶಕವರ್ಷ 1444. ಅದಕ್ಕೆ 78 ಕೂಡಿಸಿದರೆ 1522, ಅಂದರೆ ಕೃಷ್ಣದೇವರಾಯರ ಕಾಲ. ಅದೂ ಗುಡಿಗೆ ಜಮೀನು ಬಿಟ್ಟ ವಿಷಯ, ಕಟ್ಟಿದ ವಿಷಯ ಅಲ್ಲ. ಗುಡಿ ಇನ್ನೂ ಹಳೆಯದಿರಬಹುದು, ಆದರೆ ಹೊಯ್ಸಳರು ಅನ್ನೋದಕ್ಕೆ ಅಲ್ಲಿ ಏನೂ ಇಲ್ಲ.

ಹಲ್ಮಿಡಿ ಶಾಸನವನ್ನೇ ನೋಡಿ. ಅದು ಸುಮಾರು ಕ್ರಿ.ಶ. 450ರದ್ದು ಅಂತ ಎಲ್ಲರೂ ಬರೆಯುತ್ತೇವೆ. ಆ ಕಲ್ಲಿನಲ್ಲಿ ಇಸವಿಯೇ ಇಲ್ಲ. ಲಿಪಿ, ಭಾಷೆ, ಅದರಲ್ಲಿರುವ ಹೆಸರುಗಳನ್ನು ನೋಡಿ ವಿದ್ವಾಂಸರು ಕಟ್ಟಿದ ಲೆಕ್ಕ ಅದು. ಹಾಗಿದ್ದಮೇಲೆ ಯಾರ ಲೆಕ್ಕ, ಯಾವ ಪುಸ್ತಕದ ಎಷ್ಟನೇ ಪುಟ ಅಂತ ಹಾಕಬೇಕು ಅಲ್ವಾ? ಸುಮ್ನೆ ಇಂಗ್ಲಿಷ್ ವಿಕಿಯ ಕೊಂಡಿ ಹಾಕಿದರೆ ಆಗಲ್ಲ, ಒಂದು ವಿಕಿ ಪುಟ ಇನ್ನೊಂದಕ್ಕೆ ಆಧಾರವಾಗಲ್ಲ. ಅಲ್ಲಿ ಕೊಟ್ಟಿರುವ ಪುಸ್ತಕವನ್ನು ತೆರೆಯದೆ ಅದರ ಹೆಸರನ್ನಷ್ಟೇ ಎತ್ತಿಕೊಂಡು ಬರುವುದಂತೂ ನನ್ನ ಮಟ್ಟಿಗೆ ಇನ್ನೂ ದೊಡ್ಡ ತಪ್ಪು. ಕನ್ನಡದಲ್ಲಿ ಆಕರ ಎಲ್ಲಿದೆ ಅಂತ ಜಾಸ್ತಿ ಜನ ಕೇಳುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಲೇಖನಗಳು ವಿಕಿಪೀಡಿಯದ ಸೋದರ ತಾಣ, ಪುಸ್ತಕಗಳನ್ನು ಇಡುವ ವಿಕಿಸೋರ್ಸ್‌ನಲ್ಲೇ ಇವೆ, ಅಲ್ಲಿಂದ ಶುರುಮಾಡಿ. ಇನ್ನು ಯಾರಾದರೂ ನಿಮ್ಮ ಸಾಲಿಗೆ "ಆಧಾರ ಬೇಕು" ಅಂತ ಗುರುತು ಹಾಕಿದರೆ ದಯವಿಟ್ಟು ಸಿಟ್ಟಾಗಬೇಡಿ. ನನ್ನ ಸಾಲಿಗೆ ಮೊದಲ ದಿನವೇ ಯಾರಾದರೂ ಹಾಗೆ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಆ ಸಾಲು ತೆಗೆದೆ. ಸಂಪುಟ, ಪುಟ, ಶಾಸನ ಸಂಖ್ಯೆ ಹಾಕಿ ಹೊಸದಾಗಿ ಬರೆದು, ಯಾಕೆ ತಿದ್ದಿದೆ ಅಂತ ಚರ್ಚಾಪುಟದಲ್ಲಿ ಹೇಳಿದೆ. ಪತ್ರಿಕೆಗೂ ಒಂದು ಪತ್ರ ಕಳಿಸಿದೆ. ಈ ಸಲದ ಜಾತ್ರೆಯ ಫ್ಲೆಕ್ಸ್‌ನಲ್ಲಿ ಮಾತ್ರ ಹೊಯ್ಸಳರ ಕಾಲದ ದೇವಸ್ಥಾನ ಅಂತಲೇ ಇತ್ತು, ನೋಡಿ ಸಂಕಟವಾಯಿತು. ಶಾಸನ ಸಂಪುಟದ ಆ ಪುಟದ ಜೆರಾಕ್ಸ್ ಮಾಡಿಸಿಟ್ಟಿದ್ದೇನೆ. ಮುಂದಿನ ವಾರ ಊರಿಗೆ ಹೋದಾಗ ಸಮಿತಿಯವರ ಹತ್ತಿರ ಕೂತು ಮಾತಾಡುತ್ತೇನೆ.