ಸತ್ಯಾಂಶ: ಏಳು ವರ್ಷಕ್ಕೊಮ್ಮೆ ಇಡೀ ದೇಹ ಹೊಸದಾಗುತ್ತದೆಯೇ?

"ಏಳು ವರ್ಷಕ್ಕೊಮ್ಮೆ ದೇಹದ ಎಲ್ಲ ಜೀವಕೋಶಗಳೂ ಸತ್ತು ಹೊಸವು ಬರುತ್ತವೆ. ಸತ್ತವು ಕೊಳೆತು ವಿಷವಾಗುತ್ತವೆ, ಡಿಟಾಕ್ಸ್ ಮಾಡಿ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಕೋಶಗಳು ಸಾಯುವುದು, ಹುಟ್ಟುವುದು ನಿಜ. ಉಳಿದದ್ದು ತಪ್ಪು.

ಸಣ್ಣ ಕರುಳಿನ ಒಳಪದರವನ್ನೇ ನೋಡಿ. ಅಲ್ಲಿನ ಪುಟ್ಟ ಗುಳಿಗಳ ತಳದಲ್ಲಿರುವ ಕಾಂಡಕೋಶಗಳು (ಹೊಸ ಕೋಶಗಳನ್ನು ಹುಟ್ಟಿಸುವ ಮೂಲಕೋಶಗಳು) ಹೆಚ್ಚುಕಡಿಮೆ ದಿನಕ್ಕೊಮ್ಮೆ ವಿಭಜನೆಯಾಗುತ್ತವೆ. ಮರಿಕೋಶಗಳಲ್ಲಿ ಕೆಲವು ತಳದಲ್ಲೇ ಕಾಂಡಕೋಶಗಳಾಗಿ ಉಳಿಯುತ್ತವೆ. ಮಿಕ್ಕವು ಮೇಲಕ್ಕೆ ಸರಿಯುತ್ತ ಬಲಿತು, 3ರಿಂದ 5 ದಿನಗಳಲ್ಲಿ ವಿಲ್ಲಸ್ ಎಂಬ ಬೆರಳಿನಾಕಾರದ ಚಾಚಿನ ತುದಿ ತಲುಪಿ ಉದುರುತ್ತವೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಹೃದಯದ ಸ್ನಾಯುಕೋಶಗಳಲ್ಲಿ 25ರ ಹರೆಯದಲ್ಲೂ ವರ್ಷಕ್ಕೆ ಬದಲಾಗುವುದು ಶೇ. 1ರಷ್ಟೇ. ಮೆದುಳಿನ ಹೊರಪದರದ ನರಕೋಶಗಳಿಗಂತೂ ಬಹುತೇಕ ನಮ್ಮಷ್ಟೇ ವಯಸ್ಸು. 1950–60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಹೆಚ್ಚಿದ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ, ಕೋಶಗಳು ಹುಟ್ಟುವಾಗ ಅವುಗಳ ಡಿಎನ್‌ಎಯಲ್ಲೂ ಸೇರಿಕೊಂಡಿತು. ಅದನ್ನು ಅಳೆದೇ ಈ ವಯಸ್ಸು ಲೆಕ್ಕ ಹಾಕಿದ್ದು. ಬಾಂಬಿನಿಂದ ಆದ ಅಪರೂಪದ ಉಪಯೋಗ!

ಇನ್ನು 'ಕೊಳೆಯುವ' ಮಾತು. ನಿಯೋಜಿತ ಸಾವಿನಲ್ಲಿ, ಅಂದರೆ ಅಪೊಪ್ಟೋಸಿಸ್‌ನಲ್ಲಿ, ಕ್ಯಾಸ್ಪೇಸ್ ಎಂಬ ಕಿಣ್ವಗಳು ಕೋಶದೊಳಗಿನ ಪ್ರೋಟೀನ್‌ಗಳನ್ನು ಕತ್ತರಿಸುತ್ತವೆ. ಕೋಶ ಕುಗ್ಗುತ್ತದೆ, ಡಿಎನ್‌ಎ ತುಂಡಾಗುತ್ತದೆ, ಪೊರೆಯ ಮೇಲೆ ಗುಳ್ಳೆಗಳೇಳುತ್ತವೆ; ಆದರೆ ಒಳಗಿನದು ಚೆಲ್ಲುವುದಿಲ್ಲ. ಪೊರೆಯ ಒಳಮೈಯಲ್ಲಿರುವ ಫಾಸ್ಫಾಟಿಡೈಲ್‌ಸೆರೀನ್ ಎಂಬ ಕೊಬ್ಬಿನಂಶ ಹೊರಮೈಗೆ ಬರುತ್ತದೆ. ಆ ಗುರುತು ಕಂಡ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶ ಅಥವಾ ಅಕ್ಕಪಕ್ಕದ ಕೋಶ, ಸತ್ತ ಕೋಶದ ಚೂರುಗಳನ್ನು ನುಂಗಿ, ಸಿಕ್ಕ ಪದಾರ್ಥವನ್ನು ಮರುಬಳಕೆ ಮಾಡುತ್ತದೆ. ಸುಟ್ಟಗಾಯದಲ್ಲಿ ಹಾಗಲ್ಲ: ಪೊರೆ ಒಡೆದು ಒಳಗಿನದು ಸೋರುತ್ತದೆ, ಅದಕ್ಕೇ ಊತ, ಉರಿ. ಅಪೊಪ್ಟೋಸಿಸ್ ಆದ ಕೋಶಗಳನ್ನು ತೆಗೆಯಲು ಯಾವ ಕಷಾಯವೂ ಬೇಕಿಲ್ಲ.