ಚರ್ಚ್ ಕೆಡವಿದ್ದು ಪಶ್ಚಿಮದವರಲ್ಲ

ರಷ್ಯಾ ಬಗ್ಗೆ ಬಂದ ಲೇಖನದಲ್ಲಿ ಲೇಖಕರು ಹೇಳಿರುವ ‘ಆರ್ಥೊಡಾಕ್ಸ್ ನಂಬಿಕೆಯೇ ರಷ್ಯನ್ನರನ್ನು ಪಶ್ಚಿಮದ ಎದುರು ನಿಲ್ಲಿಸಿದೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆರ್ಥೊಡಾಕ್ಸ್ ಎಂದರೆ ಕ್ರೈಸ್ತರ ಒಂದು ಹಳೆಯ ಪಂಥ. ರಷ್ಯಾದಲ್ಲಿ ಆ ಪಂಥದ ಚರ್ಚಿಗೆ ದೊಡ್ಡ ಏಟುಗಳು ಬಿದ್ದದ್ದು ಸ್ವಂತ ದೊರೆಗಳಿಂದಲೇ. 1721ರಲ್ಲಿ ಪೀಟರ್ ದೊರೆ ಪೇಟ್ರಿಯಾರ್ಕ್ (ಚರ್ಚಿನ ಪರಮ ಗುರು) ಹುದ್ದೆಯನ್ನೇ ತೆಗೆದು, ಚರ್ಚನ್ನು ಸರ್ಕಾರದ ಇಲಾಖೆಯಂತೆ ಮಾಡಿದ. 1931ರಲ್ಲಿ ಸ್ಟಾಲಿನ್ ಸರ್ಕಾರ ಮಾಸ್ಕೋದ ಕ್ರೈಸ್ಟ್ ದ ಸೇವಿಯರ್ ಕೆಥೆಡ್ರಲ್ ಅನ್ನು ಸಿಡಿಸಿ ಉರುಳಿಸಿತು. ಆಮೇಲೆ ಆ ಜಾಗದಲ್ಲಿ ಈಜುಕೊಳ ಬಂತು! ಇದರಲ್ಲಿ ಪಶ್ಚಿಮದ ಕೈ ಎಲ್ಲಿದೆ?

ಪೇಟ್ರಿಯಾರ್ಕ್ ಹುದ್ದೆ ಆಮೇಲೆ ಮತ್ತೆ ಬಂತು. ಈಗ ಆ ಹುದ್ದೆಯಲ್ಲಿರುವ ಕಿರಿಲ್ ಅವರು ಉಕ್ರೇನ್ ಮೇಲಿನ ಯುದ್ಧಕ್ಕೆ ಧರ್ಮದ ಬಣ್ಣ ಬಳಿಯುತ್ತಿದ್ದಾರೆ. ಅವರೇ ಮುಖ್ಯಸ್ಥರಾಗಿರುವ ಪರಿಷತ್ತು 2024ರ ಮಾರ್ಚ್‌ನಲ್ಲಿ ಇದನ್ನು ‘ಪವಿತ್ರ ಯುದ್ಧ’ ಎಂದು ಕರೆಯಿತು. ಆದರೆ ಉಕ್ರೇನಿನಲ್ಲೂ ಜಾಸ್ತಿ ಜನ ಆರ್ಥೊಡಾಕ್ಸರೇ ಅಲ್ವಾ? ಅಲ್ಲಿನ ಒಡೆಸಾ ನಗರದ ದೊಡ್ಡ ಕೆಥೆಡ್ರಲ್ ನೋಡಿ. ಸೋವಿಯತ್ ಕಾಲದಲ್ಲಿ ಅದನ್ನು ಕೆಡವಿದ್ದರು. ಜನ ಮತ್ತೆ ಕಟ್ಟಿದರು. 2010ರಲ್ಲಿ ಕಿರಿಲ್ ಅವರೇ ಬಂದು ಅದನ್ನು ಪ್ರತಿಷ್ಠೆ ಮಾಡಿದ್ದರು. 2023ರ ಜುಲೈನಲ್ಲಿ ರಷ್ಯಾದ ದಾಳಿಗೆ ಅದೇ ಚರ್ಚಿನ ಚಾವಣಿಯ ಒಂದು ಭಾಗ ಕುಸಿಯಿತು. ಫೋಟೋ ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು.

ಇನ್ನೊಂದು ವಿಷಯ ಲೇಖನದಲ್ಲಿ ಬಿಟ್ಟೇ ಹೋಗಿದೆ. 2022ರ ಮಾರ್ಚ್‌ನಲ್ಲಿ ಸುಮಾರು 300 ರಷ್ಯನ್ ಆರ್ಥೊಡಾಕ್ಸ್ ಪಾದ್ರಿಗಳು ಯುದ್ಧ ನಿಲ್ಲಿಸಿ ಎಂದು ಪತ್ರಕ್ಕೆ ಸಹಿ ಹಾಕಿದರು. ಅವರದ್ದೂ ಅದೇ ನಂಬಿಕೆ.